ರಾಜೀನಾಮೆ ಬರೆಸಿಕೊಂಡು ಕಳಿಸಿದರು, ಇಎಸ್‌ಐ ನಿರುದ್ಯೋಗ ಭತ್ಯೆ ತಿರಸ್ಕಾರ ಆಯಿತು: ಈಗೇನು ಮಾಡಲಿ?

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದೆ. ಬೇಸಿಕ್, ಡಿಎ ಸೇರಿ ₹13,000 ಸಂಬಳ. ನವೆಂಬರ್ ಕೊನೆಗೆ ಫ್ಯಾಕ್ಟರಿ ಮುಚ್ಚಿದರು. ಅದಕ್ಕೆ ಒಂದು ವಾರ ಮೊದಲು ಲೈನ್‌ನಲ್ಲಿದ್ದವರನ್ನೆಲ್ಲ ಕರೆದು, ‘ಪಿಎಫ್ ಬೇಗ ಬರಬೇಕಾದರೆ ಇದಕ್ಕೆ ಸೈನ್ ಹಾಕಿ’ ಅಂತ ಒಂದು ಹಾಳೆ ಕೊಟ್ಟರು. ಹಾಕಿದೆವು. ಅದು ರಾಜೀನಾಮೆ ಪತ್ರ ಅಂತ ಆಮೇಲೆ ಗೊತ್ತಾಯಿತು. ಕೆಲಸ ಹೋದವರಿಗೆ ಇಎಸ್‌ಐನಿಂದ ಮೂರು ತಿಂಗಳು ದುಡ್ಡು ಬರುತ್ತೆ ಅಂತ ಕೇಳಿ ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿದೆ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ’ ಅಂತ ತಿರಸ್ಕಾರ ಆಗಿದೆ. ಇಲ್ಲಿಗೆ ಮುಗಿಯಿತಾ?

ಉತ್ತರ: ಮುಗಿದಿಲ್ಲ. ಆದರೆ ಅದೇ ಅರ್ಜಿಯನ್ನು ಇನ್ನೊಂದು ಸಲ ಹಾಕಿಸಬೇಡಿ. ನಿಮ್ಮ ಹಾಗೆ ಬಂದವರಲ್ಲಿ ಎಷ್ಟೋ ಜನ ಮೂರು ಸಲ, ನಾಲ್ಕು ಸಲ ಹಾಕಿಸಿ, ಪ್ರತಿ ಸಲ ಸೈಬರ್ ಸೆಂಟರ್‌ಗೆ ದುಡ್ಡು ಕೊಟ್ಟು, ಪ್ರತಿ ಸಲ ಅದೇ ಉತ್ತರ ತಂದಿದ್ದಾರೆ. ತಪ್ಪು ನಿಮ್ಮ ಅರ್ಜಿಯಲ್ಲಿ ಇಲ್ಲ. ಕಂಪನಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆಯೋ ಅದರಲ್ಲಿದೆ. ಅದು ಹಾಗೇ ಇರುವ ತನಕ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ಪ್ರತಿ ತಿಂಗಳು ಕಂಪನಿಯವರು ಇಎಸ್‌ಐ ವೆಬ್‌ಸೈಟ್‌ಗೆ ಒಂದು ಎಕ್ಸೆಲ್ ಪಟ್ಟಿ ಏರಿಸುತ್ತಾರೆ. ಅದರಲ್ಲಿ ನಿಮ್ಮ ಐಪಿ ನಂಬರ್ (ಇಎಸ್‌ಐ ಕಾರ್ಡ್ ಮೇಲಿರುವ ನಿಮ್ಮ ನಂಬರ್), ಹೆಸರು, ಎಷ್ಟು ದಿನ ಕೆಲಸ, ಎಷ್ಟು ಸಂಬಳ ಎಲ್ಲ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಾಲಂ. ಆ ತಿಂಗಳು ಕೆಲಸದ ದಿನ ಸೊನ್ನೆ ಆಗಿದ್ದರೆ ಯಾಕೆ ಅಂತ ಅಲ್ಲಿ ಒಂದು ನಂಬರ್ ಹಾಕಬೇಕು. 1 ಅಂದರೆ ರಜೆ. 2 ಅಂದರೆ ಕೆಲಸ ಬಿಟ್ಟಿದ್ದಾರೆ. 3 ಅಂದರೆ ನಿವೃತ್ತಿ. 10 ಅಂದರೆ ರಿಟ್ರೆಂಚ್‌ಮೆಂಟ್, ಕಂಪನಿಯೇ ಕೆಲಸದಿಂದ ತೆಗೆದಿದೆ ಅಂತ. 11 ಅಂದರೆ ಕೆಲಸ ಇರಲಿಲ್ಲ. ಅಕೌಂಟ್ಸ್‌ನಲ್ಲಿ ಕೂತವರಿಗೆ 2 ಹಾಕುವುದು ಸುಲಭ. ಯಾರೂ ಪ್ರಶ್ನೆ ಕೇಳುವುದಿಲ್ಲ, ಪರಿಹಾರದ ಮಾತೂ ಬರುವುದಿಲ್ಲ. ನಿಮ್ಮ ರಾಜೀನಾಮೆ ಹಾಳೆ ಬೇಕಾಗಿದ್ದು ಇದಕ್ಕೇ. ಪಿಎಫ್ ದುಡ್ಡು ಬರುವುದಕ್ಕೆ ರಾಜೀನಾಮೆ ಪತ್ರ ಬೇಕಿಲ್ಲ. ಅಲ್ಲಿ ಬೇಕಾಗಿರುವುದು ಕೆಲಸ ಬಿಟ್ಟ ದಿನಾಂಕ ಮತ್ತು ನಿಮ್ಮ ಕೆವೈಸಿ, ಅಷ್ಟೇ.

ಇಎಸ್‌ಐ ಕಚೇರಿಯ ಗುಮಾಸ್ತರು ನಿಮ್ಮ ಅರ್ಜಿ ತೆರೆದಾಗ ಅವರ ಕಣ್ಣಿಗೆ ಬೀಳುವುದು ಆ 2. ಫ್ಯಾಕ್ಟರಿ ಬಾಗಿಲು ಮುಚ್ಚಿದ್ದು ಅವರಿಗೆ ಕಾಣುವುದಿಲ್ಲ. ಅದನ್ನು ಕಾಣಿಸಬೇಕಾದವರು ನೀವು.

ಈಗ ಇನ್ನೊಂದು ಮುಖ್ಯ ವಿಷಯ. ನೀವು ಹಾಕಿದ್ದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಮೂರು ತಿಂಗಳು ದುಡ್ಡು ಬರುವುದು ಅದರಲ್ಲಿ. ಆದರೆ ಫ್ಯಾಕ್ಟರಿಯೇ ಮುಚ್ಚಿಹೋದವರಿಗೆ ಇಎಸ್‌ಐನಲ್ಲೇ ಇನ್ನೊಂದು ಯೋಜನೆ ಇದೆ. ಅದು 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. ಸೈಬರ್ ಸೆಂಟರ್‌ನವರಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ನಿಮ್ಮದು ಎರಡನೆಯದಕ್ಕೆ ಸೇರಬೇಕಾದ ಕೇಸು ಅಂತ ನನಗೆ ಅನ್ನಿಸುತ್ತದೆ.

ಲೆಕ್ಕ ಹಾಕಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಅಟಲ್ ಯೋಜನೆಯಲ್ಲಿ ಕೆಲಸ ಹೋಗುವ ಮೊದಲಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷಗಳ, ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನಿಮ್ಮದು ಪೂರ್ತಿ ಹಾಜರಿ ಅಂತ ಇಟ್ಟುಕೊಂಡರೆ ₹3,12,000. ದಿನಕ್ಕೆ ಸುಮಾರು ₹427. ಅದರಲ್ಲಿ ಅರ್ಧ, ₹213 ಚಿಲ್ಲರೆ, ಹೆಚ್ಚೆಂದರೆ 90 ದಿನ. ಒಟ್ಟು ಸುಮಾರು ₹19,200. ಅದೂ ಇಡೀ ಜೀವನದಲ್ಲಿ ಒಟ್ಟು 90 ದಿನ ಮಾತ್ರ. ರಾಜೀವ್ ಗಾಂಧಿ ಯೋಜನೆಯಲ್ಲಿ ಮೊದಲ 12 ತಿಂಗಳು ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ನಿಮ್ಮ ಸಂಬಳಕ್ಕೆ ಮೊದಲ ವರ್ಷ ತಿಂಗಳಿಗೆ ಹತ್ತಿರ ಹತ್ತಿರ ₹6,500, ಎರಡನೇ ವರ್ಷ ₹3,250. ಜೊತೆಗೆ ಆ ಅವಧಿಯಲ್ಲಿ ನಿಮಗೂ ಮನೆಯವರಿಗೂ ಇಎಸ್‌ಐ ಚಿಕಿತ್ಸೆ. ಮಧ್ಯದಲ್ಲಿ ಬೇರೆ ಕೆಲಸ ಸಿಕ್ಕರೆ ಭತ್ಯೆ ನಿಲ್ಲುತ್ತದೆ. ಒಂದೇ ದಿನಗಳಿಗೆ ಎರಡೂ ಯೋಜನೆಯ ದುಡ್ಡು ಸಿಗುವುದಿಲ್ಲ, ಅದನ್ನು ನೆನಪಿಡಿ.

ರಾಜೀವ್ ಗಾಂಧಿ ಯೋಜನೆ ಯಾರಿಗೆ? ಫ್ಯಾಕ್ಟರಿ ಮುಚ್ಚಿ ಕೆಲಸ ಹೋದವರಿಗೆ, ರಿಟ್ರೆಂಚ್ ಆದವರಿಗೆ, ಮತ್ತು ಕೆಲಸದ ಹೊರಗೆ ಆದ ಅಪಘಾತದಿಂದ ಶೇ 40ಕ್ಕಿಂತ ಕಡಿಮೆ ಇಲ್ಲದ ಶಾಶ್ವತ ಅಂಗವೈಕಲ್ಯ ಬಂದವರಿಗೆ. ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿರಬೇಕು. ನಿಮ್ಮದು ಒಂಬತ್ತು ವರ್ಷ ಆಗಿರುವುದರಿಂದ ಆ ತೊಂದರೆ ಇಲ್ಲ. ಇರುವ ತೊಂದರೆ ಒಂದೇ: ಮುಚ್ಚಿದ್ದಕ್ಕೆ ಕಾಗದ ತೋರಿಸಬೇಕು. ಕಂಪನಿ ಕೊಡದಿದ್ದರೆ ಎಲ್ಲಿಂದ ತರುವುದು?

ಇದಕ್ಕೆ ದಾರಿ ಇದೆ. ಐವತ್ತು ಅಥವಾ ಹೆಚ್ಚು ಕಾರ್ಮಿಕರು ಇರುವ ಫ್ಯಾಕ್ಟರಿಯನ್ನು ಸುಮ್ನೆ ಬೀಗ ಹಾಕಿ ಮುಚ್ಚುವಂತಿಲ್ಲ. 60 ದಿನ ಮೊದಲೇ ಸರ್ಕಾರಕ್ಕೆ ನೋಟಿಸ್ ಕೊಡಬೇಕು. ಆ ನೋಟಿಸ್ ಕೊಟ್ಟಿದ್ದರೆ ಅದರ ಪ್ರತಿ ಕಾರ್ಮಿಕ ಇಲಾಖೆಯಲ್ಲಿ ಇರುತ್ತದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೋ, ನಿಮ್ಮ ಭಾಗದ ಕಾರ್ಮಿಕ ಅಧಿಕಾರಿ ಕಚೇರಿಗೋ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ‘ಇಂಥ ವಿಳಾಸದ ಇಂಥ ಕಾರ್ಖಾನೆ ಮುಚ್ಚುವ ಬಗ್ಗೆ ಬಂದಿರುವ ನೋಟಿಸ್ ಮತ್ತು ಅದರ ಮೇಲೆ ನಡೆದ ಪತ್ರ ವ್ಯವಹಾರದ ನಕಲು ಕೊಡಿ’ ಅಂತ ಎರಡು ಸಾಲು ಬರೆದರೆ ಸಾಕು. ಶುಲ್ಕ ಹತ್ತು ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ನೋಟಿಸ್ ಬಂದೇ ಇಲ್ಲ ಅಂತ ಉತ್ತರ ಬಂದರೂ ಅದನ್ನು ಎಸೆಯಬೇಡಿ. ಕಾನೂನು ಪ್ರಕಾರ ಮುಚ್ಚಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಕಾರ್ಮಿಕ ಅಧಿಕಾರಿ ಮುಂದೆ ದೂರು ಕೊಡಲು ಬೇಕಾಗುತ್ತದೆ.

ಇನ್ನು ರಾಜೀನಾಮೆ ಹಾಳೆಗೆ ಬರೋಣ. ಇದನ್ನೇ ಜಾಸ್ತಿ ಹೊತ್ತು ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೇಸು ನಿಲ್ಲುವುದೂ ಬೀಳುವುದೂ ಇದರ ಮೇಲೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದರು. ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಆರು ವರ್ಷದ ಸ್ಯಾಲರಿ ಸ್ಲಿಪ್, ತಿಂಗಳ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಕೊನೆಗೆ ಒಂದು ಜೆರಾಕ್ಸ್ ಹಾಳೆ ತೆಗೆದರು. ಅವರ ರಾಜೀನಾಮೆ ಪತ್ರದ ನಕಲು. ಪಕ್ಕದ ಮಿಷನ್‌ನವರದ್ದೂ ಇನ್ನಿಬ್ಬರದ್ದೂ ಜೊತೆಗೆ ತಂದಿದ್ದರು. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಒಂದೇ ಟೈಪ್. ಒಂದೇ ದಿನಾಂಕ. ‘ವೈಯಕ್ತಿಕ ಕಾರಣಗಳಿಂದ’ ಅನ್ನುವಲ್ಲಿ ‘ವೈಯುಕ್ತಿಕ’ ಅಂತ ನಾಲ್ಕರಲ್ಲೂ ಒಂದೇ ತಪ್ಪು. ಹೆಸರು, ಟೋಕನ್ ನಂಬರ್ ಬರೆಯಲು ಮಾತ್ರ ಖಾಲಿ ಗೆರೆ, ಅದನ್ನು ತುಂಬಿದ ಕೈಬರಹವೂ ಒಬ್ಬರದೇ. ನಾಲ್ಕು ಜನಕ್ಕೆ ಒಂದೇ ದಿನ, ಒಂದೇ ವೈಯಕ್ತಿಕ ಕಾರಣ ಹೇಗೆ ಬರುತ್ತದೆ? ಕಚೇರಿಯಲ್ಲಿ ಆ ನಾಲ್ಕು ಹಾಳೆ ಅಕ್ಕಪಕ್ಕ ಇಟ್ಟ ಮೇಲೆ ನಾವು ಹೆಚ್ಚು ಮಾತಾಡಬೇಕಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಒಬ್ಬರೇ ಹೋಗಬೇಡಿ. ನಿಮ್ಮ ಲೈನ್‌ನವರ ಫೋನ್ ನಂಬರ್ ನಿಮ್ಮ ಹತ್ತಿರ ಇರುತ್ತದೆ, ವಾಟ್ಸ್‌ಆ್ಯಪ್ ಗ್ರೂಪೂ ಇರಬಹುದು. ಅದರಲ್ಲಿ ಸೂಪರ್‌ವೈಸರ್ ಕಳಿಸಿದ ಮೆಸೇಜ್, ವಾಯ್ಸ್ ನೋಟ್ ಇದ್ದರೆ ಅಳಿಸಬೇಡಿ. ‘ನಾಳೆಯಿಂದ ಬರಬೇಡಿ’, ‘ಮಿಷನ್ ಬೇರೆ ಯೂನಿಟ್‌ಗೆ ಸಾಗಿಸ್ತಿದ್ದಾರೆ’ ಅನ್ನುವಂಥ ಒಂದು ಸಾಲಿಗೂ ಬೆಲೆ ಇದೆ. ಗೇಟಿಗೆ ಅಂಟಿಸಿದ ನೋಟಿಸ್ ಫೋಟೊ ಯಾರಾದರೂ ತೆಗೆದಿರುತ್ತಾರೆ, ಕೇಳಿ ನೋಡಿ. ನಿಮ್ಮ ರಾಜೀನಾಮೆಯ ನಕಲು ನಿಮಗೆ ಕೊಟ್ಟಿಲ್ಲದಿದ್ದರೆ, ಕೊಟ್ಟಿಲ್ಲ ಅನ್ನುವುದನ್ನೇ ಪತ್ರದಲ್ಲಿ ಬರೆಯಿರಿ.

ಆ ಪತ್ರ ಕಂಪನಿಗೆ ಹೋಗಬೇಕು. ಫ್ಯಾಕ್ಟರಿ ಮುಚ್ಚಿದ್ದರೂ ಕಂಪನಿಯ ಮುಖ್ಯ ಕಚೇರಿ ಇರುತ್ತದೆ. ಸ್ಯಾಲರಿ ಸ್ಲಿಪ್ ಮೇಲೆ ವಿಳಾಸ ನೋಡಿ. ದೊಡ್ಡ ಭಾಷೆ ಬೇಡ, ವಕೀಲರೂ ಬೇಡ. ಹೀಗೆ ಬರೆದರೆ ಸಾಕು:

‘ನಾನು ನಿಮ್ಮ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಟೈಲರ್ ಆಗಿ ಕೆಲಸ ಮಾಡಿದ್ದೇನೆ. ನವೆಂಬರ್ ಕೊನೆಗೆ ಕಾರ್ಖಾನೆ ಮುಚ್ಚಿದ್ದರಿಂದ ನನ್ನ ಕೆಲಸ ಹೋಗಿದೆ. ಮುಚ್ಚುವ ಒಂದು ವಾರ ಮೊದಲು, ಪಿಎಫ್ ಹಣಕ್ಕೆ ಬೇಕು ಎಂದು ಹೇಳಿ ನನ್ನಿಂದಲೂ ಉಳಿದ ಕಾರ್ಮಿಕರಿಂದಲೂ ಒಂದು ಮುದ್ರಿತ ಹಾಳೆಗೆ ಸಹಿ ಪಡೆದಿದ್ದೀರಿ. ಅದು ರಾಜೀನಾಮೆ ಎಂದು ನನಗೆ ತಿಳಿಸಿರಲಿಲ್ಲ. ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿಲ್ಲ. ಇಎಸ್‌ಐ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಕೆಲಸ ಬಿಟ್ಟಿದ್ದಾರೆ ಎಂದು ನಮೂದಿಸಿದ್ದರೆ, ಅದನ್ನು ರಿಟ್ರೆಂಚ್‌ಮೆಂಟ್ ಎಂದು ತಿದ್ದಿಸಿ, ಕಾರ್ಖಾನೆ ಮುಚ್ಚಿದ ಬಗ್ಗೆ ಪತ್ರ ಕೊಡಿ.’

ಹೆಸರು, ಐಪಿ ನಂಬರ್, ಟೋಕನ್ ನಂಬರ್, ಇವತ್ತಿನ ದಿನಾಂಕ ಹಾಕಿ. ತಡ ಆಯಿತು ಅಂತ ಹಳೆ ದಿನಾಂಕ ಹಾಕಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿ ಇಡಿ. ಕಂಪನಿ ಉತ್ತರ ಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಂಪನಿಗಳು ಕೊಡುವುದಿಲ್ಲ. ಆದರೆ ‘ಅವತ್ತೇ ಯಾಕೆ ಕೇಳಲಿಲ್ಲ?’ ಅಂತ ಮುಂದೆ ಯಾರಾದರೂ ಕೇಳಿದರೆ ತೋರಿಸಲು ಈ ಕಾಗದ ಇರುತ್ತದೆ.

ಇದೇ ಪತ್ರದ ಒಂದು ನಕಲು ಕಾರ್ಮಿಕ ಅಧಿಕಾರಿಗೆ ಕೊಡಿ. ಮೋಸ ಮಾಡಿ ಪಡೆದ ರಾಜೀನಾಮೆ, ಫ್ಯಾಕ್ಟರಿ ಮುಚ್ಚಿದ ಪರಿಹಾರ ಎರಡೂ ಅಲ್ಲಿ ಸಂಧಾನಕ್ಕೆ ಬರುವ ವಿಷಯ. ಮುಚ್ಚಿದಾಗ ಪ್ರತಿ ಪೂರ್ತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಬರಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಕಲಂ ನಂಬರ್‌ಗಳು ಬದಲಾಗಿವೆ. ನೀವು ಕಲಂ ಬರೆಯಲು ಹೋಗಬೇಡಿ. ಏನು ನಡೆಯಿತು, ಯಾವ ದಿನ, ಯಾರು ಹೇಳಿದರು, ಅಷ್ಟು ಬರೆಯಿರಿ.

ಈಗ ಇಎಸ್‌ಐ ಕಚೇರಿ. ನಿಮ್ಮ ಶಾಖಾ ಕಚೇರಿಗೆ ಹೋಗಿ ಮೊದಲು ಕೇಳಬೇಕಾದ್ದು ಹಿಂಬರಹ. ಮೊಬೈಲ್‌ಗೆ ಬಂದ ಮೆಸೇಜ್ ಅಥವಾ ಕೌಂಟರ್‌ನಲ್ಲಿ ‘ಆಗಲ್ಲ ಅಮ್ಮಾ, ಹೋಗಿ’ ಅಂದಿದ್ದು ಸಾಲದು. ಯಾವ ಕಾರಣಕ್ಕೆ ತಿರಸ್ಕಾರ, ಯಾವ ದಾಖಲೆ ನೋಡಿ ತಿರಸ್ಕಾರ ಅಂತ ಬರಹದಲ್ಲಿ ಬೇಕು. ಕೇಳುವುದನ್ನೂ ಬರಹದಲ್ಲೇ ಕೇಳಿ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕದ ಪ್ರತಿಗೆ ಬೆಲೆ ಇಲ್ಲ. ಹಿಂಬರಹ ಕೊಡದಿದ್ದರೆ ಇಲ್ಲೂ ಮಾಹಿತಿ ಹಕ್ಕು ಬಳಸಿ. ನಿಮ್ಮ ಐಪಿ ನಂಬರ್‌ಗೆ ಕೊನೆಯ ತಿಂಗಳುಗಳಲ್ಲಿ ಕಂಪನಿ ಹಾಕಿದ ಕಾರಣದ ಕೋಡ್ ಯಾವುದು, ಕೊನೆಯ ಕೆಲಸದ ದಿನ ಯಾವುದು ಅಂತ ಕೇಳಿ. ಆ ನಂಬರ್ ಕಾಗದದ ಮೇಲೆ ಬಂದರೆ ತಿರಸ್ಕಾರದ ಬೇರು ಕೈಗೆ ಸಿಕ್ಕ ಹಾಗೆ.

ಆಮೇಲೆ ಶಾಖಾ ವ್ಯವಸ್ಥಾಪಕರಿಗೆ ಮರುಪರಿಶೀಲನೆಗೆ ಮನವಿ ಕೊಡಿ. ಅಲ್ಲಿ ಆಗದಿದ್ದರೆ ಅವರ ಮೇಲಿನ ಪ್ರಾದೇಶಿಕ ಕಚೇರಿ. ಪೀಣ್ಯದಲ್ಲೇ ಉಪ ಪ್ರಾದೇಶಿಕ ಕಚೇರಿ ಇದೆ, ಕರ್ನಾಟಕದ ಮುಖ್ಯ ಕಚೇರಿ ಬಿನ್ನಿಪೇಟೆಯಲ್ಲಿದೆ. ಸುವಿಧಾ ಸಮಾಗಮ ಅಂತ ದೂರು ಕೇಳುವ ಸಭೆ ನಡೆಸುತ್ತಾರೆ. ನಿಮ್ಮ ಕಚೇರಿಯಲ್ಲಿ ಮುಂದಿನದು ಯಾವ ದಿನ ಅಂತ 1800-11-2526ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಕರೆಗೆ ದುಡ್ಡಿಲ್ಲ. ಆ ಸಭೆಗೆ ಐದಾರು ಜನ ಒಟ್ಟಿಗೆ ಹೋಗಿ, ಹಾಳೆಗಳನ್ನು ಸಾಲಾಗಿ ಜೋಡಿಸಿಕೊಂಡು. ನನ್ನ ಅನುಭವದಲ್ಲಿ ಇಂಥ ಕೇಸುಗಳು ಹೆಚ್ಚಾಗಿ ಬಗೆಹರಿಯುವುದು ಇಲ್ಲೇ. ಕೆಳಗಿನವರಿಗೆ ಕಂಪ್ಯೂಟರ್‌ನಲ್ಲಿ ಇರುವುದನ್ನು ಮೀರಿ ಬರೆಯುವ ಧೈರ್ಯ ಇರುವುದಿಲ್ಲ, ಮೇಲಿನವರು ಬರೆಯಬಲ್ಲರು.

ಅಲ್ಲೂ ಆಗದಿದ್ದರೆ ಕೋರ್ಟ್. ಇಎಸ್‌ಐ ಸವಲತ್ತಿನ ತಕರಾರು ಕೇಳಲು ಬೇರೆಯೇ ಕೋರ್ಟ್ ಇದೆ, ಎಂಪ್ಲಾಯೀಸ್ ಇನ್ಶೂರೆನ್ಸ್ ಕೋರ್ಟ್. ಜನ ಇಎಸ್‌ಐ ಕೋರ್ಟ್ ಅನ್ನುತ್ತಾರೆ. ಮೂರು ವರ್ಷದ ಕಾಲಮಿತಿ ಇದೆ. ಅದರ ತೀರ್ಪಿನ ಮೇಲೆ ಹೈಕೋರ್ಟ್‌ಗೆ ಹೋಗಬೇಕಾದರೆ 60 ದಿನ, ಅದೂ ಕಾನೂನಿನ ದೊಡ್ಡ ಪ್ರಶ್ನೆ ಇದ್ದರೆ ಮಾತ್ರ. ಕೋರ್ಟ್ ಅಂದ ತಕ್ಷಣ ಫೀಸಿನ ಭಯ ಬರುತ್ತದೆ, ಅಲ್ವಾ? ಕಾನೂನು ಸೇವಾ ಪ್ರಾಧಿಕಾರದಿಂದ ನಿಮಗೆ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಂಟು. ನೀವು ಎರಡೂ ಹೌದು. 15100ಕ್ಕೆ ಫೋನ್ ಮಾಡಿ, ಇಲ್ಲವೇ ಸಿದ್ದಯ್ಯ ರಸ್ತೆಯಲ್ಲಿ ಪ್ರಾಧಿಕಾರದ ಕಚೇರಿ ಇರುವ ನ್ಯಾಯ ದೇಗುಲಕ್ಕೆ ಹೋಗಿ ಕೇಳಿ.

ಈ ಓಡಾಟದ ಮಧ್ಯೆ ದಿನ ಮೀರಬಾರದು. ಅಟಲ್ ಯೋಜನೆಗೆ ಕೆಲಸ ಹೋದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮತ್ತು ಕೆಲಸ ಹೋಗಿ 30 ದಿನ ಕಳೆದಿರಬೇಕು. ಅದು 2018ರ ಜುಲೈನಲ್ಲಿ ಪ್ರಯೋಗ ಅಂತ ಶುರುವಾಗಿ, ಗಡುವು ಮುಗಿದ ಹಾಗೆಲ್ಲ ಮುಂದುವರಿಸಿಕೊಂಡು ಬಂದ ಯೋಜನೆ. ಹೊಸದಾಗಿ ಅರ್ಜಿ ಹಾಕುವ ದಿನ ಅದು ಜಾರಿಯಲ್ಲಿ ಇದೆಯಾ ಅಂತ ಶಾಖೆಯಲ್ಲಿ ಕೇಳಿಯೇ ಹಾಕಿ. ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಆಗಿರಬೇಕು. ನಿಮಗೆ ಅದು ಏಪ್ರಿಲ್‌ನಿಂದ ಸೆಪ್ಟೆಂಬರ್. ಆರ್ಡರ್ ಇಲ್ಲ ಅಂತ ಆಗ ಬಹಳ ದಿನ ಮನೆಗೆ ಕಳಿಸಿದ್ದರೆ ಎಣಿಸಿ ನೋಡಿ. ಸಂಬಳದಲ್ಲಿ ಶೇ 0.75 ಕಟ್ ಮಾಡಿ ಇಎಸ್‌ಐಗೆ ಕಟ್ಟದೇ ಇದ್ದರೂ ಹೆದರಬೇಡಿ. ಕಂಪನಿ ಕಟ್ಟಬೇಕಾಗಿದ್ದ ದಿನಗಳೂ ನಿಮ್ಮ ಲೆಕ್ಕಕ್ಕೆ ಬರಬೇಕು. ಅದಕ್ಕೇ ಸ್ಯಾಲರಿ ಸ್ಲಿಪ್ ಮುಖ್ಯ.

ಸಣ್ಣದು ಅನ್ನಿಸುವ ಒಂದು ವಿಷಯಕ್ಕೂ ಅರ್ಜಿ ವಾಪಸ್ ಬರುತ್ತದೆ. ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಇಎಸ್‌ಐನಲ್ಲಿ ಮುಂದೆ, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ. ಮೂರೂ ಒಂದೇ ಇದೆಯಾ ನೋಡಿ. ಒಂಬತ್ತು ವರ್ಷದ ಹಿಂದೆ ಕೊಟ್ಟ ಬ್ಯಾಂಕ್ ಖಾತೆ ಈಗ ಬೇರೆ ಬ್ಯಾಂಕಿನದು ಆಗಿರಬಹುದು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್‌ಗೆ. ಹಳೆ ಐಎಫ್‌ಎಸ್‌ಸಿ ಹಾಗೇ ಇದ್ದರೆ, ಮಂಜೂರಾದ ದುಡ್ಡೂ ಖಾತೆಗೆ ಬರದೇ ವಾಪಸ್ ಹೋಗುತ್ತದೆ.

ನೀವು ಕೇಳದೇ ಇದ್ದರೂ ಗ್ರಾಚ್ಯುಟಿ ಬಗ್ಗೆ ಹೇಳಿಬಿಡುತ್ತೇನೆ. ಐದು ವರ್ಷ ದಾಟಿದ ಮೇಲೆ ರಾಜೀನಾಮೆ ಕೊಟ್ಟರೂ ಅದು ಬರಲೇಬೇಕು. ಹಾಗಾಗಿ ಆ ಹಾಳೆ ಇದಕ್ಕೆ ಅಡ್ಡ ಬರುವುದಿಲ್ಲ. ಲೆಕ್ಕ ಸುಲಭ. ₹13,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಒಂಬತ್ತು ವರ್ಷಕ್ಕೆ ಗುಣಿಸಿ. ₹67,500. ಅರ್ಜಿ ಕೊಟ್ಟು 30 ದಿನದಲ್ಲಿ ಬರದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿ ನೋಡುವ ಅಧಿಕಾರಿ ಇದ್ದಾರೆ, ಅವರಿಗೆ ದೂರು ಕೊಡಿ. ‘ಕಳೆದ ತಿಂಗಳು ಕೊಟ್ಟ ಐದು ಸಾವಿರದಲ್ಲಿ ಎಲ್ಲ ಸೇರಿದೆ’ ಅಂತ ಯಾವುದಾದರೂ ಓಚರ್‌ಗೆ ಸೈನ್ ಕೇಳಿದರೆ ಹಾಕಬೇಡಿ. ಓದಿಸಿ, ಮನೆಗೆ ತಂದು, ಯಾರಿಗಾದರೂ ತೋರಿಸಿ.

ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ನಿಮ್ಮದು 78 ದಿನ ಆಗಿದ್ದರೆ, ಜೂನ್ ಕೊನೆ ತನಕ ಇಎಸ್‌ಐ ಚಿಕಿತ್ಸೆ ಇರುತ್ತದೆ. ಕೆಲಸ ಹೋಯಿತು ಅಂತ ಕಾರ್ಡ್ ಬೀರುವಿನಲ್ಲಿ ಇಟ್ಟುಬಿಡಬೇಡಿ. ಮನೆಯಲ್ಲಿ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಡಿಸ್ಪೆನ್ಸರಿಯಿಂದಲೇ ತನ್ನಿ.

ಸೋಮವಾರ ಬೆಳಿಗ್ಗೆ ಮೊದಲು ಸ್ಯಾಲರಿ ಸ್ಲಿಪ್‌ಗಳನ್ನು ತಿಂಗಳ ಪ್ರಕಾರ ಜೋಡಿಸಿ, ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಆಮೇಲೆ ಪಕ್ಕದ ಮಿಷನ್‌ನವರಿಗೆ ಫೋನ್ ಮಾಡಿ, ಅವರ ರಾಜೀನಾಮೆ ಹಾಳೆಯ ನಕಲು ಇದೆಯಾ ಅಂತ ಕೇಳಿ.